ತಡವಾಗಿ ನಕ್ಕವನು

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿಯಲ್ಲಿ ನನಗೆ ಪರಿಚಯದ ಹುಡುಗನೊಬ್ಬ ಇದ್ದಾನೆ. ಪುಣೆಯ ಕಂಪನಿಯೊಂದರಲ್ಲಿ ಕೆಲಸ. ತಿಂಗಳಲ್ಲಿ ಒಂದು ವಾರ ಅಲ್ಲಿ, ಉಳಿದ ಮೂರು ವಾರ ಊರಲ್ಲಿ, ಮನೆಯ ಮಾಳಿಗೆಯ ಮೇಲೆ. ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಮೊನ್ನೆ ಸಂಜೆ ಹೋದಾಗ ಮೀಟಿಂಗ್ ನಡೆದಿತ್ತು. ಕೈಸನ್ನೆ ಮಾಡಿ ಕೂಡಿಸಿದ. ಲ್ಯಾಪ್‌ಟಾಪಿನಲ್ಲಿ ಉದ್ದನೆಯ ಮೇಜು, ಅದರ ಸುತ್ತ ಹತ್ತು ತಲೆ, ಒಂದು ಮುಖವೂ ಸರಿಯಾಗಿ ಕಾಣದು. ಎಲ್ಲರಿಗೂ ಸೇರಿ ಒಂದೇ ಮೈಕು. ಅದರ ಪಕ್ಕ ಕೂತವನು ಚಹಾ ಹೀರುವ ಸದ್ದು ಮಾತಿಗಿಂತ ಸ್ವಚ್ಛವಾಗಿ ಕೇಳುತ್ತಿತ್ತು. ನಡುವೆ ಯಾರೋ ಏನೋ ಅಂದರು, ಮೇಜಿನ ಸುತ್ತ ನಗೆ ಎದ್ದಿತು. ಎರಡು ಸೆಕೆಂಡ್ ಬಿಟ್ಟು ಇವನೂ ನಕ್ಕ.

‘ಏನಂದ್ರೋ?’ ಎಂದೆ, ಮೀಟಿಂಗ್ ಮುಗಿದ ಮೇಲೆ.

‘ಯಾರಿಗ್ಗೊತ್ತು ಕಾಕಾ. ಅವರು ನಕ್ರು, ನಾನೂ ನಕ್ಕೆ.’

ಅರ್ಧ ಮಂದಿ ಕಚೇರಿಯಲ್ಲಿ, ಅರ್ಧ ಮಂದಿ ಮನೆಯಲ್ಲಿ. ಇದಕ್ಕೆ ಹೈಬ್ರಿಡ್ ಅನ್ನುತ್ತಾರೆ. (ನಮ್ಮ ಕಡೆ ಹೈಬ್ರಿಡ್ ಅಂದರೆ ಈಗಲೂ ಜೋಳವೇ ನೆನಪಾಗುವುದು.) ಎಲ್ಲರೂ ಮನೆಯಲ್ಲಿದ್ದರೆ ಇಷ್ಟು ಕಷ್ಟವಿಲ್ಲ, ಎಲ್ಲರ ಮುಖವೂ ಒಂದೇ ಅಳತೆಯ ಚೌಕದಲ್ಲಿ ಇರುತ್ತದೆ. ಅರ್ಧಂಬರ್ಧ ಆದಾಗಲೇ ತೊಡಕು. ಮೀಟಿಂಗಿನಲ್ಲಿ ಚರ್ಚೆ ಆಗುತ್ತದೆ, ತೀರ್ಮಾನ ಆಗುವುದು ಅದು ಮುಗಿದ ಮೇಲೆ ಕೆಳಗಿನ ಚಹಾದಂಗಡಿಯಲ್ಲಿ. ಆ ಚಹಾ ಉಮದಿಗೆ ಬರುವುದಿಲ್ಲ.

ಅಮೆರಿಕದ ಎಂಐಟಿಯಲ್ಲಿದ್ದ ಥಾಮಸ್ ಅಲೆನ್ 1970ರ ದಶಕದಲ್ಲಿ, ಇಂಜಿನಿಯರುಗಳು ತಮ್ಮತಮ್ಮಲ್ಲಿ ಎಷ್ಟು ಮಾತಾಡುತ್ತಾರೆಂದು ಲೆಕ್ಕ ಹಾಕಿ ನೋಡಿದ್ದರು. ಮೇಜುಗಳ ನಡುವಿನ ಅಂತರ ಸುಮಾರು 50 ಮೀಟರ್ ದಾಟಿತೆಂದರೆ ಕೆಲಸದ ಮಾತು ಹೆಚ್ಚುಕಡಿಮೆ ನಿಂತೇ ಹೋಗುತ್ತಿತ್ತು. ಒಂದೇ ಕಟ್ಟಡದೊಳಗಿನ ಕಥೆ ಇದು! ಉಮದಿಗೆ ವಿಜಯಪುರ ಹತ್ತಿರ. ಜಿಲ್ಲಾ ಕೇಂದ್ರ ಸಾಂಗಲಿ ಅದರ ಎರಡು ಪಟ್ಟಿಗೂ ಹೆಚ್ಚು ದೂರ. ರಾಜಧಾನಿ ಮುಂಬೈಯಂತೂ ಇನ್ನೆಲ್ಲೋ.

ನನ್ನನ್ನು ಕೇಳಿದರೆ, ದೂರದ ನೌಕರನ ಪಾಡು ಏನೆಂದು ಕಲಿಯಲು ಮ್ಯಾನೇಜರುಗಳು ಎಲ್ಲಿಗೂ ಹೋಗಬೇಕಿಲ್ಲ, ಜತ್ತಕ್ಕೆ ಬಂದರೆ ಸಾಕು. 1956ರ ರಾಜ್ಯಗಳ ವಿಂಗಡಣೆಯಲ್ಲಿ ಗಡಿಯ ಅತ್ತಲೇ ಉಳಿದ ಈ ಸೀಮೆಯ ಕನ್ನಡ ಹಳ್ಳಿಗಳಿಗೆ ಹೆಡ್ ಆಫೀಸಿನ ಮಾತು ಬರುವುದು ಇನ್ನೊಂದು ಭಾಷೆಯಲ್ಲಿ. 2024ರಲ್ಲಿ ಇಲ್ಲಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ದೊಡ್ಡ ಗದ್ದಲವಾಯಿತು. ಹುದ್ದೆ ತುಂಬಿತೆಂದು ಕಡತ ಹೇಳುತ್ತದೆ, ಮಗುವಿಗೆ ಪಾಠ ಮುಟ್ಟಿತೇ ಎಂದು ಕಡತ ಕೇಳುವುದಿಲ್ಲ.

ನೀರಿನ ಕಥೆ ಇನ್ನೂ ಸ್ವಾರಸ್ಯದ್ದು. 2012ರಲ್ಲಿ, ಬರದ ನಡುವೆ, ಇಲ್ಲಿನ ಪಂಚಾಯಿತಿಗಳು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆಂದು ಠರಾವು ಮಾಡಿದವು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಎತ್ತಿ ಆಡಿದ ಮೇಲೆ ಮುಂಬೈಯಲ್ಲಿ ಗಡಿಬಿಡಿ ಎದ್ದಿತು. ಅದು 2012ರ ಹಳೆಯ ಠರಾವು ಎಂದರು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್. ನಿಜ. ಹತ್ತು ವರ್ಷ ತೆರೆಯದೆ ಬಿಟ್ಟ ಮೇಲ್ ಹಳೆಯದಾಗದೆ ಇನ್ನೇನಾಗುತ್ತದೆ? ಆಮೇಲೆ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಬಂತು, ಮಹಾರಾಷ್ಟ್ರದ್ದೇ ಆದ ಮ್ಹೈಸಾಳ ನೀರಾವರಿಯ ವಿಸ್ತರಣೆಗೆ 2,000 ಕೋಟಿ ರೂಪಾಯಿಯ ಮಾತೂ ಬಂತು. ಕಂಪನಿಗಳಲ್ಲೂ ಇದೇ ಚಾಳಿ: ಬೇರೆ ಕಡೆಯಿಂದ ಆಫರ್ ಬಂದಿದೆ ಎಂದ ದಿನವೇ ನೌಕರನ ಹಳೆಯ ಅಹವಾಲುಗಳು ಸಾಹೇಬರಿಗೆ ನೆನಪಾಗುವುದು.

ಅದೇ ಮಾಳಿಗೆಗೆ ಆ ಸಂಜೆ ಇನ್ನೊಬ್ಬರೂ ಫೋನ್ ಹಿಡಿದು ಹತ್ತಿ ಬಂದರು. ಪಕ್ಕದ ಮನೆಯವರು, ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮರು. ಗುಡ್ಡಾಪುರದ ದಾನಮ್ಮನ ಜಾತ್ರೆಗೆಂದು ಎರಡು ದಿನ ಊರಿಗೆ ಬಂದಿದ್ದರು. ಗ್ಯಾಂಗು ಕೃಷ್ಣೆಯ ದಂಡೆಯ ಯಾವುದೋ ಫಡದಲ್ಲಿ. ಕಬ್ಬಿನ ಹೊಲಕ್ಕೆ ಅವರು ಫಡ ಅನ್ನುವುದು. ಮುಕಾದಮರನ್ನು ಹೊಗಳಲು ಹೊರಟಿಲ್ಲ ನಾನು. ಮುಂಗಡದ ಸಾಲದಲ್ಲಿ ಜನರನ್ನು ಕಟ್ಟಿಹಾಕುವ, ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ‘ಒಂದು ಕೊಯ್ತಾ’ (ಕಬ್ಬು ಕಡಿಯುವ ಕತ್ತಿ) ಎಂದು ಎಣಿಸುವ ದಂಧೆ ಅದು. ಆದರೆ ಫೋನಿನಲ್ಲಿ ಅವರು ಮಾತಾಡಿದ್ದನ್ನು ಮಾತ್ರ ಕಿವಿಗೊಟ್ಟು ಕೇಳಿದೆ.

ಮೊದಲು ಯಾರದೋ ಕೂಸಿನ ಜ್ವರ ವಿಚಾರಿಸಿದರು. ಆಮೇಲೆ ನಾಳೆಯ ಫಡ ಯಾವುದು, ಗಾಡಿ ಎಷ್ಟಕ್ಕೆ, ಇಷ್ಟೇ. ‘ಈಗ ನಾ ಏನ್ ಹೇಳ್ದೆ, ನೀ ಹೇಳು ನೋಡೂಣು’ ಅಂದರು. ಆ ಕಡೆಯವನು ನಾಲ್ಕರ ಬದಲು ಐದು ಅಂದನೇನೋ. ತಿದ್ದಿ ಮತ್ತೊಮ್ಮೆ ಹೇಳಿಸಿದರು. ಸ್ಪೀಕರಿನಲ್ಲಿ ಒಬ್ಬೊಬ್ಬರಾಗಿ ಹೂಂ ಅನ್ನುತ್ತಿದ್ದರು. ಮುಕಾದಮರು ಬೆರಳು ಮಡಚುತ್ತ ಎಣಿಸುತ್ತಿದ್ದರು.

‘ಬಸೂನ ದನಿ ಬರವಲ್ತು. ಫೋನ್ ಅವನ ಕೈಯಾಗ ಕೊಡು.’

ಫೋನು ಕೈ ಬದಲಾಯಿಸಿದ ಸದ್ದು. ಮಾತಿಲ್ಲ. ಇವರೂ ಮಾತಾಡಲಿಲ್ಲ, ಫೋನನ್ನೂ ಇಡಲಿಲ್ಲ. ಮಾಳಿಗೆಯ ಅಂಚಿನಲ್ಲಿ ನಿಂತೇ ಇದ್ದರು. ಸುಮಾರು ಹೊತ್ತಿನ ಮೇಲೆ ಆ ಕಡೆಯಿಂದ ಸಣ್ಣ ದನಿ ಬಂತು: ‘ಅಣ್ಣಾ, ಬೆರಳಿಗೆ ಕೊಯ್ತಾ ತಾಗೇತಿ. ನಾಳೆ ಕಡ್ಯಾಕ ಆಗೂದಿಲ್ಲ.’

‘ಮೊದಲ ದವಾಖಾನಿಗೆ ಹೋಗಿ ಬಾ. ಆಮ್ಯಾಲೆ ನೋಡೂಣು’ ಅಂದರು.

ಹುಡುಗ ಲ್ಯಾಪ್‌ಟಾಪು ಮುಚ್ಚುವುದನ್ನು ಮರೆತು ಅವರನ್ನೇ ನೋಡುತ್ತಿದ್ದ.