ಕಡಿಯುವ ಕೈಗೆ ಹೆಸರಿರಲಿ

ಇಬ್ಬರು ಮಾತನಾಡುತ್ತಿರುವಾಗ ಮೂರನೆಯವನೊಬ್ಬ ಒಬ್ಬನ ಧ್ವನಿಯನ್ನು ಅನುಕರಿಸಿ ಇನ್ನೊಬ್ಬನಿಗೆ ‘ಇನ್ನು ಸಾಕು’ ಎಂದರೆ ಸಂಭಾಷಣೆ ಅಲ್ಲಿಗೇ ಮುಗಿಯುತ್ತದೆ. ಮಾತು ನಿಲ್ಲಿಸಿದವರು ಯಾರೆಂದು ಇಬ್ಬರಿಗೂ ತಿಳಿಯುವುದಿಲ್ಲ. ಸಂಶಯ ಮಾತ್ರ ಪರಸ್ಪರರ ಮೇಲೆ. ‘ಟಿಸಿಪಿಕಿಲ್’ ಎಂಬ ಪುಟ್ಟ ಕಮಾಂಡ್ ಲೈನ್ ಉಪಕರಣ ಕಂಪ್ಯೂಟರ್ ಜಾಲದಲ್ಲಿ ಮಾಡುವುದು ಇದನ್ನೇ. ಜಾಲಗಳ ದೌರ್ಬಲ್ಯವನ್ನು ಪರೀಕ್ಷಿಸಿ ತೋರಿಸಲೆಂದು ಡಗ್ ಸಾಂಗ್ 2000ದ ಸುಮಾರಿಗೆ ಹೊರತಂದ ‘ಡಿಸ್ನಿಫ್’ ಉಪಕರಣಗಳ ಗುಚ್ಛದಲ್ಲಿ ಅದೂ ಒಂದು.

ಅದರ ತಂತ್ರ ಸರಳ. 1981ರ ಟಿಸಿಪಿ ನಿಯಮಾವಳಿಯಲ್ಲಿ ‘ರಿಸೆಟ್’ ಎಂಬ ಸಂಕೇತವಿದೆ. ಕೆಟ್ಟು ನಿಂತು ಮತ್ತೆ ಎದ್ದ ಕಂಪ್ಯೂಟರ್‌ಗೆ ಹಳೆಯ ಸಂಪರ್ಕದ ಪ್ಯಾಕೆಟ್ ಬಂದಾಗ, ‘ಈ ಸಂಪರ್ಕ ಈಗಿಲ್ಲ’ ಎಂದು ತಿಳಿಸಲು ಅದು ಬೇಕು. ಕ್ರಮಸಂಖ್ಯೆ ಹೊಂದಿದರೆ ಸಾಕು, ಸ್ವೀಕರಿಸುವ ಕಂಪ್ಯೂಟರ್ ಅದನ್ನು ನಂಬುತ್ತದೆ; ಕಳುಹಿಸಿದವರ ಸಹಿಯನ್ನು ಕೇಳುವುದಿಲ್ಲ. ಪ್ಯಾಕೆಟ್‌ಗಳು ಹಾದುಹೋಗುವ ದಾರಿಯಲ್ಲಿ ಕುಳಿತ ಟಿಸಿಪಿಕಿಲ್ ಆ ಸಂಖ್ಯೆಯನ್ನು ಓದಿ ನಕಲಿ ರಿಸೆಟ್ ಹರಿಯಬಿಡುತ್ತದೆ. ವೆಬ್ ಪುಟಗಳ ಗೂಢಲಿಪೀಕರಣವೂ ಇಲ್ಲಿ ನೆರವಾಗದು: ಅದು ಪತ್ರದ ಒಳಗನ್ನು ಕಾಯುತ್ತದೆ, ಲಕೋಟೆಯನ್ನಲ್ಲ.

ಪ್ರಯೋಗಾಲಯದ ಈ ಕೈಚಳಕ ಅಧಿಕಾರದ ಕೈಸೇರಲು ತಡವಾಗಲಿಲ್ಲ. 2006ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಚೀನಾದ ಸರ್ಕಾರಿ ಜಾಲಗೋಡೆ ನಿಷಿದ್ಧ ಪದಗಳನ್ನು ಕಂಡೊಡನೆ ಎರಡೂ ತುದಿಗಳಿಗೆ ನಕಲಿ ರಿಸೆಟ್ ಕಳುಹಿಸುವುದನ್ನು ತೋರಿಸಿದರು. ಮರುವರ್ಷ ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ತನ್ನ ಗ್ರಾಹಕರ ಬಿಟ್‌ಟೊರೆಂಟ್ ಸಂಪರ್ಕಗಳನ್ನು ಇದೇ ವಿಧಾನದಿಂದ ಕಡಿಯುತ್ತಿದ್ದುದು ಬಯಲಾಯಿತು. ಅಸೋಸಿಯೇಟೆಡ್ ಪ್ರೆಸ್ ಪರೀಕ್ಷೆಗೆಂದು ಹಂಚಲೆತ್ನಿಸಿದ್ದು ಕಳ್ಳ ಚಲನಚಿತ್ರವನ್ನಲ್ಲ, ಬೈಬಲನ್ನು. ಅದಕ್ಕೂ ತಡೆ ಬಿತ್ತು. 2008ರಲ್ಲಿ ಸಂವಹನ ಆಯೋಗ ಕಂಪನಿಯನ್ನು ತಪ್ಪಿತಸ್ಥನೆಂದಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ, ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು ಆದೇಶವನ್ನೇ ರದ್ದುಗೊಳಿಸಿತು. ಒಂದೆಡೆ ಪಕ್ಷದ ಪ್ರಭುತ್ವ, ಇನ್ನೊಂದೆಡೆ ಮಾರುಕಟ್ಟೆಯ ಕಂಪನಿ, ಕತ್ತರಿ ಒಂದೇ.

ಭಾರತದ ಕಥೆಯೂ ಬೇರೆಯಲ್ಲ. ಜಿಯೋ ಜಾಲದಲ್ಲಿ ತಾಣದ ಹೆಸರನ್ನು ಇಣುಕಿ ನೋಡಿ ರಿಸೆಟ್‌ನಿಂದ ಸಂಪರ್ಕ ಕಡಿಯುವುದನ್ನು 2019ರಲ್ಲಿ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು ದಾಖಲಿಸಿದರು. ಓದುಗನಿಗೆ ಕಾಣುವುದು ‘ಸಂಪರ್ಕ ಮರುಹೊಂದಿಸಲಾಗಿದೆ’ ಎಂಬ ನಿರ್ಭಾವುಕ ಸಾಲು ಮಾತ್ರ. ಇದರ ಹಿಂದೆ ಕಾನೂನಿನ ಮೌನವೂ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ರಚಿತವಾದ 2009ರ ನಿಯಮಾವಳಿಯ 16ನೇ ನಿಯಮ, ತಡೆ ಕೋರಿಕೆಗಳನ್ನೂ ಕ್ರಮಗಳನ್ನೂ ಗೋಪ್ಯವಾಗಿಡಬೇಕೆನ್ನುತ್ತದೆ. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮನ್ನು ಎತ್ತಿಹಿಡಿಯುವಾಗ, ಕಾರಣಗಳು ಲಿಖಿತವಾಗಿರುವುದರಿಂದ ಅವನ್ನು ಪ್ರಶ್ನಿಸಬಹುದೆಂದಿತು. ಆದರೆ ಗುಟ್ಟಾಗಿಟ್ಟ ಕಾರಣವನ್ನು ಪ್ರಶ್ನಿಸುವ ಬಗೆ ಯಾವುದು? 2023ರ ಜೂನ್ 30ರಂದು ಕರ್ನಾಟಕ ಉಚ್ಚ ನ್ಯಾಯಾಲಯ ಟ್ವಿಟರ್‌ನ ಅರ್ಜಿಯನ್ನು 50 ಲಕ್ಷ ರೂಪಾಯಿ ದಂಡದೊಡನೆ ವಜಾಗೊಳಿಸಿದಾಗ, ಖಾತೆದಾರರಿಗೆ ನೋಟಿಸ್ ಬೇಕೆಂಬ ವಾದಕ್ಕೂ ಮನ್ನಣೆ ಸಿಗಲಿಲ್ಲ.

ಮಕ್ಕಳ ಮೇಲಿನ ದೌರ್ಜನ್ಯದ ದೃಶ್ಯಗಳಂಥವನ್ನು ತಡೆಯಲೇಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಇಲ್ಲಿರುವ ಪ್ರಶ್ನೆ, ತಡೆಯುವವರು ಅದನ್ನು ಒಪ್ಪಿಕೊಳ್ಳುತ್ತಾರೆಯೇ ಎಂಬುದು. 2016ರಲ್ಲಿ ಪ್ರಕಟವಾದ ‘451’ ಎಂಬ ವೆಬ್ ಸಂಕೇತ ಅದಕ್ಕೆಂದೇ ಇದೆ: ಕಾನೂನಿನ ಕಾರಣಕ್ಕೆ ಈ ಪುಟ ಲಭ್ಯವಿಲ್ಲ, ತಡೆದವರು ಇಂಥವರು ಎಂದು ಅದು ಹೇಳಬಲ್ಲದು. ಗೂಢಲಿಪಿಯ ಸಂಪರ್ಕವನ್ನು ನಡುದಾರಿಯಲ್ಲಿ ಕಡಿಯುವವರಿಗೆ ಈ ಫಲಕ ನೆಡುವುದು ಕಷ್ಟ. ಆದರೆ ತಡೆದ ತಾಣಗಳ ಪಟ್ಟಿ, ಆದೇಶದ ದಿನಾಂಕ, ಮೇಲ್ಮನವಿಯ ವಿಳಾಸಗಳನ್ನು ಬಹಿರಂಗವಾಗಿ ಪ್ರಕಟಿಸಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಇಲ್ಲದಿರುವುದು ಮನಸ್ಸು.

ಸಿಲಿಕಾನ್ ಕಣಿವೆಯಿಂದ ಸಿಂಗಪುರದವರೆಗೆ ಜಾಲೋಪಕರಣಗಳನ್ನು ರೂಪಿಸುವವರ ನಡುವೆ ಕನ್ನಡಿಗರೂ ಇದ್ದಾರೆ. ಊರಿನ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ಸಹಿ ಹಾಕುವ ಕೈಗಳೇ ಕಚೇರಿಯಲ್ಲಿ ಸಹಿಯಿಲ್ಲದ ಕತ್ತರಿಯನ್ನು ಮಸೆಯುತ್ತಿರಬಹುದು. ತಡೆಯ ದಾಖಲೆ ಉಳಿಯಲಿ, ಅದು ಬಳಕೆದಾರನಿಗೆ ತಿಳಿಯಲಿ ಎಂಬ ಪಟ್ಟು ವಿನ್ಯಾಸದ ಮೇಜಿನಲ್ಲೇ ಆರಂಭವಾಗಬೇಕು. ಎದುರು ನಿಂತು ‘ಮಾತನಾಡಬೇಡ’ ಎನ್ನುವ ಅಧಿಕಾರದೊಡನೆ ವಾದಿಸಬಹುದು. ಗೆಳೆಯನ ಧ್ವನಿಯಲ್ಲಿ ಮಾತು ಮುಗಿಸುವ ಅಧಿಕಾರದೊಡನೆ ವಾದಕ್ಕೇ ಎಡೆಯಿಲ್ಲ.