ದವಡೆಗೆ ಕಾರ್ಡು ಉಂಟು, ಹಲ್ಲಿಗಿಲ್ಲ

ಸಾಗರ ತಾಲ್ಲೂಕಿನ ಕರೂರು ಸೀಮೆಯ ಮಟ್ಟಿಗೆ 2025 ಅಂದರೆ ಸೇತುವೆಯ ವರ್ಷ. ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿಕೊಂಡ ಮೇಲೆ ತುಮರಿ, ಬ್ಯಾಕೋಡು, ಸಿಗಂದೂರಿನ ಜನ ಆರು ದಶಕ ಲಾಂಚಿನ ಹೊತ್ತಿಗೆ ಹೊಂದಿಕೊಂಡೇ ಬದುಕಿದರು. ಮದುವೆ, ಕೋರ್ಟು, ಪರೀಕ್ಷೆ, ಹೆರಿಗೆ ಎಲ್ಲಕ್ಕೂ ಲಾಂಚ್ ಹೊರಡುವ ಹೊಳೆಬಾಗಿಲಿನ ಗಡಿಯಾರವೇ ಗತಿಯಾಗಿತ್ತು. ಈಗ 2.44 ಕಿಲೋಮೀಟರನ್ನು ಬೈಕಿನವರು ನಾಲ್ಕು ನಿಮಿಷದಲ್ಲಿ ದಾಟುತ್ತಾರೆ. ಆ ವರ್ಷವನ್ನು ಹಿಂತಿರುಗಿ ನೋಡುವಾಗ ಸೇತುವೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನಾನು ಹಲ್ಲುನೋವಿನ ಬಗ್ಗೆ ಬರೆಯುತ್ತೇನೆ.

ಹಲ್ಲುನೋವನ್ನು ನಮ್ಮ ಕಡೆ ಕಾಯಿಲೆಯ ಲೆಕ್ಕಕ್ಕೆ ಹಿಡಿದವರೇ ಕಡಿಮೆ. ಲವಂಗ ಕಚ್ಚಿಕೊಳ್ಳುವುದು, ಉಪ್ಪುನೀರು ಮುಕ್ಕಳಿಸುವುದು, ನೆಲಗುಳ್ಳದ ಬೀಜದ ಹೊಗೆ ಹಿಡಿದು ‘ಹುಳ’ ತೆಗೆಸುವುದು, ಅಂಗಡಿಯಲ್ಲಿ ಎರಡು ಮಾತ್ರೆ ತಂದು ನುಂಗುವುದು. ಇಷ್ಟರಲ್ಲಿ ನೋವು ಇಳಿಯುತ್ತದೆ. ಇಳಿಯಿತೆಂದರೆ ವಾಸಿಯಾಯಿತೆಂದೇ ಅರ್ಥ. ನಿಜವಾಗಿ ಅನೇಕ ಸಲ ಒಳಗಿನ ನರ ಸತ್ತು ನೋವು ನಿಂತಿರುತ್ತದೆ. ಕೀವು ಮಾತ್ರ ಬೇರಿನ ತುದಿಯಿಂದ ದವಡೆಯೊಳಕ್ಕೆ ದಾರಿ ಮಾಡಿಕೊಳ್ಳುತ್ತಿರುತ್ತದೆ.

ನಮ್ಮ ಮನೆಯಲ್ಲಿ ಆದದ್ದೂ ಅದೇ. 2023ರ ಜೂನ್. ಮಳೆ ತಡವಾಗಿತ್ತು, ಹಿನ್ನೀರು ಇಳಿದು ಲಾಂಚಿನಲ್ಲಿ ವಾಹನ ಹತ್ತಿಸುವುದನ್ನು ನಿಲ್ಲಿಸಿದ್ದರು. ಅಮ್ಮನಿಗೆ ಕೆಳದವಡೆಯ ಹಿಂದಿನ ಹಲ್ಲು ಹದಿನೈದು ದಿನದಿಂದ ಕಾಡುತ್ತಿತ್ತು. “ಒಂದು ಹಲ್ಲಿಗೆ ಯಾರು ಸಾಗರಕ್ಕೆ ಹೋಗ್ತಾರೆ ಮಾರಾಯ, ತೋಟಕ್ಕೆ ಔಷಧಿ ಹೊಡೆದು ಮುಗೀಲಿ” ಎಂದು ದಿನ ದೂಡಿದಳು. ಒಂದು ಸಂಜೆ ಕೆನ್ನೆ ಊದಿತು. ರಾತ್ರಿಯಾಗುವಷ್ಟರಲ್ಲಿ ಊತ ಗದ್ದದ ಕೆಳಗೆ ಇಳಿದು ಕುತ್ತಿಗೆ ಕಲ್ಲಿನ ಹಾಗೆ ಬಿಗಿಯಾಯಿತು. ನಾಲಿಗೆ ಮೇಲೆದ್ದು ನಿಂತಿತ್ತು, ಉಗುಳು ನುಂಗಲಾಗದೆ ಸೆರಗಿಗೆ ಸುರಿಯುತ್ತಿತ್ತು. ಮಲಗಿಸಿದರೆ ಉಸಿರು ಕಟ್ಟುತ್ತದೆಂದು ಬೆಳಗಿನವರೆಗೆ ಗೋಡೆಗೆ ಒರಗಿಸಿ ಕೂರಿಸಿಕೊಂಡೆವು. ಮೊದಲ ಲಾಂಚಿಗೆ ಅವಳನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿ ಇಟ್ಟವರು ಊರಿನ ಹುಡುಗರು.

ಇದಕ್ಕೆ ವೈದ್ಯರು ಲುಡ್ವಿಗ್ ಆಂಜೈನಾ ಎನ್ನುತ್ತಾರೆ. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರು ಅದು. ಬಾಯಿಯ ತಳದಲ್ಲಿ ಹಬ್ಬುವ ಸೋಂಕು ಶ್ವಾಸದ ದಾರಿಯನ್ನೇ ಮುಚ್ಚಿಬಿಡಬಹುದು. ಹೆಚ್ಚಿನ ಸಲ ಇದರ ಮೂಲ ಒಂದು ಹುಳುಕು ದವಡೆಹಲ್ಲು.

ದೂರದ ನಗರದ ಒಂದು ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋದೆವು. ಕೌಂಟರಿನಲ್ಲಿ ಸರ್ಕಾರದ ಆರೋಗ್ಯ ಯೋಜನೆಗೆಂದು ರೇಷನ್ ಕಾರ್ಡು, ಆಧಾರ್ ಮುಂದಿಟ್ಟೆವು. “ರೆಫರಲ್ ಚೀಟಿ ಎಲ್ಲಿ? ಹಲ್ಲಿಗೆಲ್ಲ ಕಾರ್ಡು ಬರಲ್ಲ, ಮುಂಗಡ ಕಟ್ಟಿ” ಅಂದರು. ಅಡಿಕೆ ಮಂಡಿಯಲ್ಲಿ ಸಾಲ ಎತ್ತಿ ಕಟ್ಟಿದೆವು. ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು, ಹಲ್ಲು ಕಿತ್ತರು, ಅಮ್ಮ ಉಳಿದಳು. ತುರ್ತು ಸ್ಥಿತಿಯಲ್ಲಿ ಚೀಟಿಗೆ ಕಾಯಬೇಕಿಲ್ಲ ಎಂಬ ನಿಯಮ ಇದೇ ಯೋಜನೆಯಲ್ಲಿದೆ ಎಂದು ನನಗೆ ಗೊತ್ತಾದದ್ದು ಸಾಲ ತೀರಿಸುವ ಹೊತ್ತಿಗೆ. ಹೇಳಬೇಕಾದವರು ಆ ದಿನ ಹೇಳಲಿಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಈ ಆರೋಗ್ಯ ಕಾರ್ಡಿಗೂ ನಮ್ಮ ಸೇತುವೆಗೂ ಒಂದೇ ವಯಸ್ಸು. ಸೇತುವೆಗೆ ಶಂಕುಸ್ಥಾಪನೆ ಆದದ್ದು 2018ರ ಫೆಬ್ರುವರಿಯಲ್ಲಿ. ಆರೋಗ್ಯ ಕರ್ನಾಟಕ ಯೋಜನೆ ಜಾರಿಗೆ ಬಂದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಅಕ್ಟೋಬರ್ ಕೊನೆಗೆ ಕೇಂದ್ರದ ಯೋಜನೆಯ ಜೊತೆ ಸೇರಿ ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಮಿತಿ ಒಂದೂವರೆ ಲಕ್ಷ. ಹೃದಯಕ್ಕೆ, ಕ್ಯಾನ್ಸರಿಗೆ, ಮೂತ್ರಪಿಂಡಕ್ಕೆ ಈ ಕಾರ್ಡು ಹಳ್ಳಿಯ ಮನೆಗಳನ್ನು ಉಳಿಸಿದೆ. ಈ ಮಾತನ್ನು ಮನಸಾರೆ ಹೇಳುತ್ತೇನೆ.

ಆದರೆ ಬಾಯಿಯ ವಿಷಯಕ್ಕೆ ಬಂದರೆ ಪಟ್ಟಿ ಹೇಗಿದೆ ನೋಡಿ. ಮುರಿದ ದವಡೆಗೆ ತಂತಿ ಅಥವಾ ಪ್ಲೇಟು ಹಾಕುವುದು, ಬಿಗಿದುಹೋದ ದವಡೆಕೀಲನ್ನು ಬಿಡಿಸುವುದು, ದವಡೆಯ ಗಡ್ಡೆ ತೆಗೆಯುವುದು, ಕೊಳೆತ ಮೂಳೆಯ ಚೂರು ತೆಗೆಯುವುದು, ಮೂಳೆಯೊಳಗೆ ಹೂತ ಹಲ್ಲನ್ನು ಕೀಳುವುದು ಕೇಂದ್ರದ ಪ್ಯಾಕೇಜುಗಳಲ್ಲಿವೆ. ಹುಳುಕಿಗೆ ಸಿಮೆಂಟ್ ತುಂಬಿಸುವುದು, ರೂಟ್ ಕೆನಾಲ್ ಮಾಡಿಸುವುದು ಹೊರಗಿವೆ. ಆಸ್ಪತ್ರೆಗೆ ದಾಖಲಾಗುವಂಥ ರೋಗವೋ ಗಾಯವೋ ಆಗಿದ್ದರೆ ಮಾತ್ರ ವಿನಾಯಿತಿ. ಅಂದರೆ ಹಲ್ಲು ಉಳಿಸಬಹುದಾದ ದಿನ ಕಾರ್ಡು ಕೆಲಸಕ್ಕೆ ಬಾರದು, ದವಡೆ ಹಾಳಾದ ದಿನ ಬರುತ್ತದೆ. ಸಿದ್ದರಾಮಯ್ಯನವರ ಮೊದಲ ಅವಧಿಯಲ್ಲಿ ಬಂದ ದಂತ ಭಾಗ್ಯ ಬಿಪಿಎಲ್ ವೃದ್ಧರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಿಸಿತು. ಗಂಜಿಯಲ್ಲೇ ದಿನ ಕಳೆಯುತ್ತಿದ್ದ ಎಷ್ಟೋ ಅಜ್ಜಂದಿರು ಅದರಿಂದ ರೊಟ್ಟಿ ತಿಂದರು. ಅದೂ ಹಲ್ಲೆಲ್ಲ ಹೋದ ಮೇಲಿನ ಭಾಗ್ಯ. ನಡುವಿನ ನಲವತ್ತು ವರ್ಷ ಹಲ್ಲಿಗೆ ದಿಕ್ಕಿಲ್ಲ.

ಬೇರೆ ದೇಶದವರು ಇದನ್ನು ಹೀಗೆ ಬಿಟ್ಟಿಲ್ಲ. ಥಾಯ್ಲೆಂಡಿನ ಸಾರ್ವತ್ರಿಕ ಆರೋಗ್ಯ ಯೋಜನೆಯಲ್ಲಿ ಹಲ್ಲು ಕೀಳುವುದೂ ತುಂಬಿಸುವುದೂ ಸೇರಿವೆ. ಬ್ರೆಜಿಲ್ 2004ರಲ್ಲಿ ಹಲ್ಲಿನ ಆರೈಕೆಯನ್ನು ಸರ್ಕಾರಿ ವ್ಯವಸ್ಥೆಯೊಳಕ್ಕೆ ತಂದಿತು. ಅವೂ ಶ್ರೀಮಂತ ದೇಶಗಳ ಸಾಲಿನವೇನಲ್ಲ.

ನಮ್ಮಲ್ಲಿ ದಂತವೈದ್ಯರ ಕೊರತೆಯೂ ಇಲ್ಲ. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿವೆ. ಶಿವಮೊಗ್ಗದ ಆಲ್ಕೊಳದಲ್ಲಿ ಇದೇ ಹೊಳೆಯ ಹೆಸರಿನ ಶರಾವತಿ ದಂತವೈದ್ಯ ಕಾಲೇಜಿದೆ. ಘಟ್ಟ ಇಳಿದರೆ 1965ರಿಂದ ನಡೆಯುತ್ತಿರುವ ಮಣಿಪಾಲದ ಕಾಲೇಜು. ತೀರ್ಥಹಳ್ಳಿಯವರು ಆಗುಂಬೆ ಘಾಟಿಯಲ್ಲಿ, ಹೊಸನಗರದವರು ಹುಲಿಕಲ್ಲಿನಲ್ಲಿ ಇಳಿದು ಅಲ್ಲಿಗೆ ಹೋಗುವುದು ಹಳೆಯ ರೂಢಿ. ಕಾಲೇಜು ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಮೇಷ್ಟ್ರ ಕಣ್ಣೆದುರೇ ಚಿಕಿತ್ಸೆ ಮಾಡುತ್ತಾರೆ, ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಬಹಳ ಕಡಿಮೆ. ಹೊತ್ತು ಮಾತ್ರ ಹಿಡಿಯುತ್ತದೆ. ರೂಟ್ ಕೆನಾಲ್‌ಗೆ ಎರಡು ಮೂರು ಸಲ ಹೋಗಬೇಕಾದರೆ ಕೂಲಿ ಹೆಣ್ಣುಮಗಳಿಗೆ ಅಷ್ಟು ದಿನದ ಸಂಬಳ ಖೋತಾ, ಬಸ್ ಹಿಡಿದು ಬರುವ ಆಯಾಸ ಬೇರೆ. ಅದಕ್ಕೇ ‘ಕಿತ್ತೇಬಿಡಿ’ ಅನ್ನುವುದು ನಮ್ಮ ಕಡೆ ವಾಡಿಕೆಯಾಗಿದೆ. ಉಳಿಸಬಹುದಾದ ಹಲ್ಲುಗಳು ಹೀಗೆ ಬಸ್ಸಿನ ವೇಳಾಪಟ್ಟಿಗೆ ಬಲಿಯಾಗುತ್ತಿವೆ.

ಅಡಿಕೆ ಬೆಳೆಯುವ ಊರಿನವನಾಗಿ ಇನ್ನೊಂದು ಮಾತನ್ನು ನುಂಗಿಕೊಳ್ಳಲಾರೆ. ಎಲೆಅಡಿಕೆಯ ಕವಳ ನಮ್ಮ ಮನೆಯ ಮರ್ಯಾದೆ, ಅಡಿಕೆ ನಮ್ಮ ಅನ್ನ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ವರ್ಷಗಟ್ಟಲೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿ ಗಟ್ಟಿಯಾಗುತ್ತದೆ, ಬಾಯಿ ತೆರೆಯುವುದು ದಿನದಿಂದ ದಿನಕ್ಕೆ ಕುಗ್ಗುತ್ತದೆ. ಗುಟ್ಕಾ ತಿನ್ನುವ ಹುಡುಗರಲ್ಲಿ ಇದು ಇನ್ನೂ ಬೇಗ ಬರುತ್ತದೆ. ಎರಡು ಬೆರಳೂ ಹೋಗದ ಬಾಯಿಯೊಳಗೆ ದವಡೆಹಲ್ಲು ಹುಳುಕಿದರೆ ವೈದ್ಯರ ಕೈ ಅಲ್ಲಿಗೆ ಮುಟ್ಟುವುದಾದರೂ ಹೇಗೆ? ಆ ಬಿಗಿತ ಬಿಡಿಸುವ ಶಸ್ತ್ರಚಿಕಿತ್ಸೆ ಕಾರ್ಡಿನ ಪ್ಯಾಕೇಜಿನಲ್ಲಿದೆ. ಮೊದಲೇ ಕನ್ನಡಿ ಹಿಡಿದು ಬಾಯಿ ನೋಡಿ ‘ಇದು ಬಿಡಿ’ ಎಂದು ಎಚ್ಚರಿಸುವ ದಂತವೈದ್ಯರು ಹಳ್ಳಿಯ ಹತ್ತಿರ ಇಲ್ಲ.

ಹಾಗಾದರೆ ಸೇತುವೆಯಾದ ಮೇಲೆ ಏನು ಬದಲಾಯಿತು? ಬದಲಾಗಿದೆ. ಕೆನ್ನೆ ಊದಿದವರು ಈಗ ಕೊನೆಯ ಲಾಂಚ್ ತಪ್ಪಿತೆಂದು ರಾತ್ರಿಯಿಡೀ ಕೂರಬೇಕಿಲ್ಲ. 108 ಆಂಬುಲೆನ್ಸ್ ದಡದಲ್ಲಿ ನಿಂತು ಲಾಂಚ್ ಕಾಯಬೇಕಿಲ್ಲ. ಸಣ್ಣ ಮಾತಲ್ಲ ಇದು. ಆದರೆ ಸೇತುವೆ ನಮ್ಮನ್ನು ಸಾಗರದ ಬಾಗಿಲಿಗೆ ತಂದು ಬಿಟ್ಟಿದೆ, ಅಷ್ಟೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗ ತೆರೆದಿರುವುದು ಹೊರರೋಗಿಗಳ ಹೊತ್ತಿನಲ್ಲಿ ಮಾತ್ರ. ಹಲ್ಲುನೋವು ಜೋರಾಗುವುದು ರಾತ್ರಿ, ಭಾನುವಾರ, ಹಬ್ಬದ ದಿನ.

ಹೀಗಾಗಿ ಸೇತುವೆಯ ವರ್ಷದ ಲೆಕ್ಕದಲ್ಲಿ ಬಾಕಿ ಉಳಿದಿರುವುದನ್ನು ಕೇಳುತ್ತಿದ್ದೇನೆ. ತುಮರಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ದಂತ ಕುರ್ಚಿ, ವಾರಕ್ಕೆ ಎರಡು ದಿನ ದಂತವೈದ್ಯರು ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳು ಸರದಿಯ ಮೇಲೆ ರಾತ್ರಿ ಮತ್ತು ಭಾನುವಾರ ಒಬ್ಬ ದಂತವೈದ್ಯರನ್ನು ಕರೆಗೆ ಸಿಗುವಂತೆ ಇಡಲಿ. ಸಿಮೆಂಟ್ ತುಂಬಿಸುವುದೂ ರೂಟ್ ಕೆನಾಲೂ ದಾಖಲಾತಿಯ ಷರತ್ತಿಲ್ಲದೆ ಕಾರ್ಡಿನೊಳಗೆ ಬರಲಿ. ಅಮ್ಮನ ಆ ಹಲ್ಲಿಗೆ ಮೊದಲ ವಾರದಲ್ಲೇ ರೂಟ್ ಕೆನಾಲ್ ಆಗಿದ್ದರೆ ಆದ ಖರ್ಚು, ಆಮೇಲಿನ ಆಸ್ಪತ್ರೆ ಬಿಲ್ಲಿನ ಒಂದು ಮೂಲೆಗೂ ಬರುತ್ತಿರಲಿಲ್ಲ. ಸರ್ಕಾರದ ದುಡ್ಡಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಅಲ್ಲಿಯವರೆಗೆ ಓದುಗರು ಇಷ್ಟು ನೆನಪಿಟ್ಟುಕೊಳ್ಳಬೇಕು. ಆಧಾರ್, ರೇಷನ್ ಕಾರ್ಡು ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೇಳಿ ಪಡೆಯಿರಿ. ಯಾವ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆಂದು 104ಕ್ಕೆ ಫೋನ್ ಮಾಡಿ ವಿಚಾರಿಸಿ. ಮಗು ಬಿದ್ದು ಶಾಶ್ವತ ಹಲ್ಲು ಕಿತ್ತುಬಂದರೆ ಬೇರು ಮುಟ್ಟದೆ ತಲೆಯ ಕಡೆ ಹಿಡಿದು ಹಾಲಿನಲ್ಲಿ ಹಾಕಿಕೊಂಡು ಓಡಿ. ಒಂದು ಗಂಟೆಯೊಳಗೆ ಸೇರಿದರೆ ಅದೇ ಹಲ್ಲನ್ನು ಮತ್ತೆ ಕೂರಿಸುವ ಸಾಧ್ಯತೆ ಹೆಚ್ಚು. ಗದ್ದದ ಕೆಳಗೆ ಊತ ಬಂದು ಉಗುಳು ನುಂಗಲು ಕಷ್ಟವಾದರೆ ಚೀಟಿ, ಕಾರ್ಡು ಯಾವುದಕ್ಕೂ ಕಾಯದೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ ಎಂದು ಕೂರಬೇಡಿ, ಸೇತುವೆ ರಾತ್ರಿಯೂ ತೆರೆದಿರುತ್ತದೆ.