ಪ್ಯಾಟನ್ ಸೇನೆಗೆ ಪೆಟ್ರೋಲ್ ಹೊತ್ತವರಿಗೆ ಊರಲ್ಲಿ ಲಾರಿ ಸಿಗಲಿಲ್ಲ

ಮಾಜಿ ಯೋಧ, ಲಾರಿ ಚಾಲಕ, ಮಕ್ಕಳನ್ನು ಜೀವದಂತೆ ಕಂಡ ತಂದೆ. ಅಮೆರಿಕದ ಊರ ಪತ್ರಿಕೆಗಳ ನಿಧನ ವಾರ್ತೆಯಲ್ಲಿ ಈ ಮೂರು ಮಾತು ಒಟ್ಟಿಗೆ ಬರುವುದುಂಟು. ಓದುವಾಗ ಒಂದರ ಬೆನ್ನಿಗೆ ಇನ್ನೊಂದು ಸಲೀಸಾಗಿ ಬಂದಂತೆ ಕಾಣುತ್ತದೆ. ಆದರೆ ಎರಡನೇ ಮಹಾಯುದ್ಧದಲ್ಲಿ ಲಾರಿ ಓಡಿಸಿದ ಕಪ್ಪು ಯೋಧನ ಬದುಕಿನಲ್ಲಿ ಮೊದಲ ಮಾತಿಗೂ ಎರಡನೆಯದಕ್ಕೂ ನಡುವೆ ಬೀಗ ಜಡಿದ ಬಾಗಿಲಿತ್ತು. ಅವನನ್ನು ನೆನೆಯುವವರು ಆ ಬೀಗದ ಸುದ್ದಿಯನ್ನೂ ಹೇಳಲೇಬೇಕು.

1944ರ ಆಗಸ್ಟ್‌ನಲ್ಲಿ ಮಿತ್ರಪಡೆಗಳು ಫ್ರಾನ್ಸಿನೊಳಗೆ ಎಷ್ಟು ಬೇಗ ನುಗ್ಗಿದವೆಂದರೆ ಹಿಂದಿನಿಂದ ಪೆಟ್ರೋಲು, ಮದ್ದುಗುಂಡು, ಊಟ ತಲುಪದಂತಾಯಿತು. ರೈಲು ಹಳಿಗಳನ್ನು ಅವರದೇ ಬಾಂಬುಗಳು ಮೊದಲೇ ಪುಡಿಗಟ್ಟಿದ್ದವು. ಉಳಿದದ್ದು ಲಾರಿ. ಆಗಸ್ಟ್ 25ಕ್ಕೆ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿ ಸಾಲು ಹೊರಟಿತು; ನಾಲ್ಕೇ ದಿನದಲ್ಲಿ ರಸ್ತೆಯ ಮೇಲೆ 5,958 ವಾಹನಗಳಿದ್ದವು, ಆ ಒಂದು ದಿನ ಸಾಗಿದ ಸರಕು 12,342 ಟನ್. ನವೆಂಬರ್ 16ರವರೆಗೆ ಈ ಸಾಗಾಟ ನಡೆಯಿತು. ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಜನ. ಅವರನ್ನು ಬಿಳಿಯರ ಜೊತೆ ಸೇರಿಸದೆ ಬೇರೆ ತುಕಡಿಗಳಲ್ಲಿಟ್ಟ ಸೇನೆಯೇ, ತನ್ನ ಉಸಿರನ್ನು ಅವರ ಕೈಯಲ್ಲಿಟ್ಟಿತು.

ಹೋಗಲು ಒಂದು ದಾರಿ, ಬರಲು ಇನ್ನೊಂದು. ರಾತ್ರಿ ಶತ್ರು ವಿಮಾನದ ಕಣ್ಣಿಗೆ ಬೀಳದಂತೆ ದೀಪಗಳಿಗೆ ಮುಸುಕು. ಬೆಕ್ಕಿನ ಕಣ್ಣಿನಷ್ಟೇ ಬೆಳಕು. ಗಂಟೆಗೆ 25 ಮೈಲಿ ದಾಟಬಾರದು, ಲಾರಿಯಿಂದ ಲಾರಿಗೆ 60 ಗಜ ಅಂತರವಿರಬೇಕು ಎಂಬುದು ನಿಯಮ. ಮುಂದೆ ಜನರಲ್ ಪ್ಯಾಟನ್ ಅವರ ಸೇನೆ ಕಾಯುತ್ತಿರುವಾಗ ಆ ನಿಯಮ ಉಳಿಯುವುದೆಲ್ಲಿ? ವೇಗ ಹಿಡಿದಿಡುವ ಗವರ್ನರನ್ನೇ ಚಾಲಕರು ಬಿಚ್ಚಿಹಾಕುತ್ತಿದ್ದರು. ಎರಡೂವರೆ ಟನ್ನಿನ ಜಿಎಂಸಿ ಲಾರಿಯ ಮೇಲೆ ಅದಕ್ಕೂ ಮೀರಿದ ಹೇರು. ಊಟದ ಡಬ್ಬಿ ಬಿಸಿಯಾಗುತ್ತಿದ್ದುದು ಇಂಜಿನ್ ಮೇಲೆ. ಶಿರಾಡಿ, ಚಾರ್ಮಾಡಿಯಲ್ಲಿ ಇಡೀ ರಾತ್ರಿ ಲೋಡು ಹೊಡೆದವರಿಗೆ ಆ ಕಣ್ಣುರಿಯನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಪಳಗಿದ ಕೈಗಳಿಗೆ ತವರಲ್ಲಿ ಸ್ಟೀರಿಂಗ್ ಸಿಗಲಿಲ್ಲ. ಸಿಕ್ಕರೂ ಊರೊಳಗಿನ ಲೋಡು. ಹೆಚ್ಚು ದುಡಿಮೆಯ ದೂರದ ಲೋಡು ಬಿಳಿಯರ ಪಾಲು. ಟೈಮ್-ಡಿಸಿ ಎಂಬ ದೇಶವ್ಯಾಪಿ ಲಾರಿ ಕಂಪನಿಯ ಲೆಕ್ಕವನ್ನು ಅಲ್ಲಿನ ಸುಪ್ರೀಂ ಕೋರ್ಟೇ ಬರೆದಿಟ್ಟಿದೆ: 1971ರಲ್ಲಿ ದೂರದ ದಾರಿಯ 1,828 ಚಾಲಕರಲ್ಲಿ ಕಪ್ಪು ಜನ 8. ಆ ಎಂಟು ಮಂದಿಯನ್ನೂ ಸೇರಿಸಿಕೊಂಡದ್ದು ಕಂಪನಿಯ ಮೇಲೆ ತಾರತಮ್ಯದ ಕೇಸು ಬಿದ್ದ ಮೇಲೆ.

ಮನೆ ಕಟ್ಟುವ ಸಾಲದ್ದೂ ಇದೇ ಕತೆ. ಯೋಧರಿಗೆಂದೇ 1944ರಲ್ಲಿ ಕಾನೂನು ಬಂದಿತ್ತು. ಅದರಡಿ 1947ರಲ್ಲಿ ಮಿಸಿಸಿಪ್ಪಿ ರಾಜ್ಯದ ಕೆಲವು ನಗರಗಳಲ್ಲಿ ಮನೆ, ವ್ಯಾಪಾರ, ಬೇಸಾಯಕ್ಕೆಂದು ಸರ್ಕಾರದ ಖಾತರಿಯೊಂದಿಗೆ ಕೊಟ್ಟ 3,229 ಸಾಲಗಳಲ್ಲಿ ಕಪ್ಪು ಯೋಧರ ಕೈಸೇರಿದ್ದು ಎರಡು. ಮಕ್ಕಳಿಗೆ ಸ್ವಂತ ಸೂರು ಮಾಡಬೇಕೆಂದ ಅಪ್ಪ ಯಾವ ಬಾಗಿಲು ತಟ್ಟಬೇಕಿತ್ತು?

ಮುಚ್ಚಿದ್ದು ಸಾಲದ ಬಾಗಿಲು ಮಾತ್ರವಲ್ಲ. ಅದೇ ಮಿಸಿಸಿಪ್ಪಿಯ ಮೆಡ್ಗರ್ ಎವರ್ಸ್ ಲಾರಿ ಚಾಲಕನಲ್ಲ. ಯುರೋಪಿನಲ್ಲಿ ಹಡಗಿನ ಸರಕು ಇಳಿಸುವ ತುಕಡಿಯಲ್ಲಿದ್ದ ಕಪ್ಪು ಯೋಧ. 1946ರಲ್ಲಿ ತನ್ನೂರು ಡೆಕಾಟರ್‌ನಲ್ಲಿ ಮತ ಹಾಕಲು ಹೋದಾಗ ಬಿಳಿಯರ ಗುಂಪು ಬಂದೂಕು ಹಿಡಿದು ಅಟ್ಟಿತು. ಮುಂದೆ ಹಕ್ಕುಗಳ ಹೋರಾಟಕ್ಕೆ ಧುಮುಕಿದ ಆತ, ಗುಂಡಿನ ಸದ್ದು ಕೇಳಿದರೆ ನೆಲಕ್ಕೆ ಬೀಳಬೇಕೆಂದು ತನ್ನ ಮೂವರು ಮಕ್ಕಳಿಗೆ ಕಲಿಸಿದ್ದ. ಅಕ್ಷರ ಕಲಿಸುವ ವಯಸ್ಸಿನ ಮಕ್ಕಳಿಗೆ ಅಪ್ಪ ಕಲಿಸಬೇಕಾಗಿ ಬಂದ ಪಾಠ ಇದು. 1963ರ ಜೂನ್ 12ರಂದು ಮನೆಯೆದುರೇ ಅವನನ್ನು ಗುಂಡಿಟ್ಟು ಕೊಂದರು.

ಇತ್ತ ಟೈಮ್-ಡಿಸಿ ಕಂಪನಿ ಮಾಡಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1977ರ ಮೇ 31ಕ್ಕೆ. ಅದರಲ್ಲೂ, ನಾಗರಿಕ ಹಕ್ಕುಗಳ ಕಾಯ್ದೆಯ ಉದ್ಯೋಗ ನಿಯಮ ಜಾರಿಗೆ ಬಂದ 1965ಕ್ಕೂ ಮುಂಚೆ ಅನ್ಯಾಯವಾದವರಿಗೆ ಹಿಂದಿನ ಸೇವಾ ಹಿರಿತನ ದಕ್ಕಲಿಲ್ಲ. ಫ್ರಾನ್ಸಿನಲ್ಲಿ ಇಪ್ಪತ್ತರ ಹುಡುಗನಾಗಿ ಲಾರಿ ಓಡಿಸಿದವನಿಗೆ ಆಗ 53. ಮಕ್ಕಳು ದೊಡ್ಡವರಾಗಿದ್ದರು.

ವರ್ಜೀನಿಯಾದ ಫೋರ್ಟ್ ಯೂಸ್ಟಿಸ್‌ನಲ್ಲಿ ಅಮೆರಿಕ ಸೇನೆಯ ಸಾರಿಗೆ ವಸ್ತುಸಂಗ್ರಹಾಲಯವಿದೆ. ಹಳೆಯ ಸೇನಾ ವಾಹನಗಳನ್ನು ನೋಡಲು ಬರುವ ಮಕ್ಕಳ ಕಣ್ಣಿಗೆ ಬೀಳುವಂತೆ ಅಲ್ಲಿ ತೀರ್ಪಿನ ಆ ಒಂದು ಪುಟವನ್ನೂ ತೂಗುಹಾಕಲಿ: 1,828ರಲ್ಲಿ 8.